ಬೀದಿಗೆ ಬಂದವರ ಖಾಸಗಿತನ

ಮನೆಯ ಹೊಸ್ತಿಲು ದಾಟಿ ಬೀದಿಗೆ ಬಂದ ಮೇಲೆ ನಮ್ಮದು ಅಂತ ಏನಾದರೂ ಉಳಿಯುತ್ತದೆಯೇ? ನಾಲ್ಕು ಜನ ಓಡಾಡುವ ಜಾಗದಲ್ಲಿ ಕೂತವರನ್ನು ಯಾರು ಬೇಕಾದರೂ ನೋಡಬಹುದು. ಕಣ್ಣಿಗೆ ಕಂಡದ್ದನ್ನು ಫೋಟೋ ತೆಗೆದರೆ ತಪ್ಪೇನು, ಅಚ್ಚು ಹಾಕಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಈ ವಾದ ಎಷ್ಟು ಸಲೀಸಾಗಿ ಕೇಳಿಸುತ್ತದೋ ಅಷ್ಟೇ ಅಪಾಯಕಾರಿ ಎಂದು ನನಗನ್ನಿಸುತ್ತದೆ. ಇದರಲ್ಲಿ ಎಡವಟ್ಟಾಗಿರುವುದು ಎಲ್ಲಿ ಎಂಬುದನ್ನು ಕೆನಡಾದ ನ್ಯಾಯಾಲಯಗಳು ನಾಲ್ಕು ದಶಕಗಳಿಂದ ಬಿಡಿಸಿ ಹೇಳುತ್ತ ಬಂದಿವೆ.

ಮಾಂಟ್ರಿಯಲ್ ನಗರದ ಸೇಂಟ್ ಕ್ಯಾಥರೀನ್ ಬೀದಿಯಲ್ಲಿ ಕಟ್ಟಡವೊಂದರ ಮೆಟ್ಟಿಲ ಮೇಲೆ ಹದಿನೇಳರ ಹುಡುಗಿಯೊಬ್ಬಳು ಕೂತಿದ್ದಳು. ಛಾಯಾಗ್ರಾಹಕರೊಬ್ಬರು ಅವಳನ್ನು ಕೇಳದೆಯೇ ಫೋಟೋ ತೆಗೆದರು; 1988ರಲ್ಲಿ ಅದು ಕಲಾಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಚಿತ್ರದಲ್ಲಿ ಮಾನ ಹೋಗುವಂಥದ್ದು ಏನೂ ಇರಲಿಲ್ಲ. ಆ ಸಂಚಿಕೆ ಮಾರಾಟವಾದದ್ದೂ 722 ಪ್ರತಿಗಳಷ್ಟೇ. ಆದರೆ ಅದರಲ್ಲೊಂದು ಅವಳ ಪರಿಚಯದವರ ಕೈಗೆ ಸಿಕ್ಕಿತು, ಜೊತೆಯಲ್ಲಿ ಓದುವವರು ನೋಡಿ ನಕ್ಕರು. ಹುಡುಗಿ ಕೋರ್ಟಿಗೆ ಹೋದಳು. ಹತ್ತು ವರ್ಷ ಕಳೆದು, 1998ರಲ್ಲಿ, ಕೆನಡಾದ ಸುಪ್ರೀಂ ಕೋರ್ಟು ಬಹುಮತದಿಂದ ಅವಳ ಪರ ನಿಂತಿತು. ಕ್ವಿಬೆಕ್ ಪ್ರಾಂತದ ಹಕ್ಕುಗಳ ಸನ್ನದಿನ ಪ್ರಕಾರ ಪ್ರತಿಯೊಬ್ಬರಿಗೂ ತಮ್ಮ ಖಾಸಗಿ ಬದುಕಿಗೆ ಗೌರವ ಪಡೆಯುವ ಹಕ್ಕಿದೆ. ತನ್ನ ಚಿತ್ರವನ್ನು ಯಾರು ಬಳಸಬಹುದು ಎಂದು ತೀರ್ಮಾನಿಸುವುದೂ ಆ ಹಕ್ಕಿನೊಳಗೇ ಬರುತ್ತದೆ ಎಂದಿತು ಕೋರ್ಟು. ಸಾರ್ವಜನಿಕ ಹುದ್ದೆಯಲ್ಲಿರುವವರಿಗೆ, ಜನಜಂಗುಳಿಯಲ್ಲಿ ಆಕಸ್ಮಿಕವಾಗಿ ಕಾಣಿಸಿಕೊಂಡವರಿಗೆ ಈ ರಕ್ಷಣೆ ಇಷ್ಟೇ ಬಲವಾಗಿ ಸಿಗದು ಎಂಬ ವಿನಾಯಿತಿಗಳೂ ತೀರ್ಪಿನಲ್ಲಿದ್ದವು. ಪರಿಹಾರವಾಗಿ ಅವಳಿಗೆ ದಕ್ಕಿದ್ದು 2,000 ಡಾಲರ್.

ಈ ತೀರ್ಪಿನ ಬಗ್ಗೆ ಛಾಯಾಗ್ರಾಹಕರಿಗಿರುವ ಸಂಕಟ ಸುಳ್ಳಲ್ಲ. ಬೀದಿಯ ಚಿತ್ರಗಳಿಲ್ಲದಿದ್ದರೆ ಒಂದು ಊರು ಒಂದು ಕಾಲದಲ್ಲಿ ಹೇಗೆ ಉಡುತ್ತಿತ್ತು, ಹೇಗೆ ದಣಿಯುತ್ತಿತ್ತು, ಯಾರಿಗಾಗಿ ಕಾಯುತ್ತಿತ್ತು ಎಂಬುದು ಮುಂದಿನವರಿಗೆ ಗೊತ್ತಾಗುವುದೇ ಇಲ್ಲ. ಮೊದಲೇ ಕೇಳಿ ತೆಗೆದರೆ ಎದುರಿಗಿದ್ದವರು ಸೆಟೆದು ನಿಲ್ಲುತ್ತಾರೆ, ಆ ಗಳಿಗೆ ಕೈತಪ್ಪಿ ಹೋಗುತ್ತದೆ. ಇದು ನಿಜವಾದ ನಷ್ಟವೇ. ಆದರೂ ಆ ನಷ್ಟವನ್ನು ತುಂಬಿಕೊಡುವ ಹೊಣೆ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದ ಹುಡುಗಿಯ ಮೇಲೇಕೆ ಬೀಳಬೇಕು? ಫೋಟೋ ತೆಗೆದವರು ತೆಗೆದಾದ ಮೇಲಾದರೂ ಹತ್ತಿರ ಹೋಗಿ, ಇದನ್ನು ಹಾಕಿಕೊಳ್ಳಲೇ ಎಂದು ಕೇಳಬಹುದು. ಪ್ರತಿಭಟನೆ, ಅಪಘಾತ, ಅಧಿಕಾರಿಯ ದೌರ್ಜನ್ಯ ಇವೆಲ್ಲ ಬೇರೆ ಮಾತು. ಅವು ಸುದ್ದಿ, ಅವನ್ನು ತಿಳಿಯುವ ಹಕ್ಕು ಊರಿಗಿದೆ. ಒಬ್ಬಳ ಮುಖ ಚೆನ್ನಾಗಿ ಮೂಡಿದೆ ಎಂಬುದು ಆ ಸಾಲಿಗೆ ಸೇರುವುದಿಲ್ಲ.

ನೋಡುವುದು ಬೇರೆ, ದಾಖಲಿಸಿ ಇಟ್ಟುಕೊಳ್ಳುವುದು ಬೇರೆ. ದಾರಿಹೋಕರ ನೋಟ ಅವರು ಬೀದಿ ತಿರುಗುವಷ್ಟರಲ್ಲಿ ಮುಗಿಯುತ್ತದೆ. ಚಿತ್ರ ಮುಗಿಯುವುದಿಲ್ಲ; ಅದನ್ನು ಹಿಗ್ಗಿಸಬಹುದು, ಮತ್ತೆ ಮತ್ತೆ ನೋಡಬಹುದು, ಹಂಚಬಹುದು. ಈ ಭೇದ ಇನ್ನೂ ಕಟುವಾಗಿ ಎದುರಾದದ್ದು ಒಂಟಾರಿಯೊ ಪ್ರಾಂತದ ಲಂಡನ್ ಪಟ್ಟಣದ ಹೈಸ್ಕೂಲೊಂದರಲ್ಲಿ. ಅಲ್ಲಿನ ಶಿಕ್ಷಕನೊಬ್ಬ ಕ್ಯಾಮೆರಾ ಅಡಗಿಸಿದ ಪೆನ್ನಿನಿಂದ ವಿದ್ಯಾರ್ಥಿನಿಯರ ವಿಡಿಯೊ ತೆಗೆಯುತ್ತಿದ್ದ, ಎದೆಯ ಭಾಗಕ್ಕೇ ಗುರಿಯಿಟ್ಟು. ಶಾಲೆಯ ಮೊಗಸಾಲೆ, ತರಗತಿಗಳು ಎಲ್ಲರೂ ಓಡಾಡುವ ಜಾಗ, ಅಲ್ಲಿ ಭದ್ರತಾ ಕ್ಯಾಮೆರಾಗಳೂ ಇದ್ದವು. ಹಾಗಾಗಿ ಖಾಸಗಿತನದ ಪ್ರಶ್ನೆಯೇ ಇಲ್ಲ ಎಂದು ಪ್ರಾಂತದ ಮೇಲ್ಮನವಿ ನ್ಯಾಯಾಲಯದ ಬಹುಮತ ಅವನ ಖುಲಾಸೆಯನ್ನು ಎತ್ತಿಹಿಡಿಯಿತು. 2019ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಅದನ್ನು ತಳ್ಳಿಹಾಕಿ ಅವನು ತಪ್ಪಿತಸ್ಥ ಎಂದಿತು. ಇತರರಿಗೆ ಕಾಣಿಸುತ್ತೇವೆ ಎಂಬ ಒಂದೇ ಕಾರಣಕ್ಕೆ ಖಾಸಗಿತನ ಪೂರ್ತಿ ಹೋಗಿಬಿಡುವುದಿಲ್ಲ. ಯಾರು, ಯಾವ ಉದ್ದೇಶಕ್ಕೆ, ಯಾವ ಸಾಧನದಿಂದ ನೋಡುತ್ತಿದ್ದಾರೆ ಎಂಬುದನ್ನೂ ಗಣಿಸಬೇಕು ಎಂಬುದು ಅದರ ತಿರುಳು.

ಇಂಥ ತಿಳಿವಳಿಕೆ ತೀರ್ಪಿನ ಹಾಳೆಗಳಲ್ಲೇ ಉಳಿದಿಲ್ಲ. ಕೆನಡಾದಲ್ಲಿ ಸೆಪ್ಟೆಂಬರಿನಲ್ಲಿ ಶಾಲೆ ಶುರುವಾದಾಗ ಮಕ್ಕಳ ಚೀಲದಲ್ಲಿ ಮನೆಗೆ ಬರುವ ಕಾಗದಗಳಲ್ಲಿ ಎಷ್ಟೋ ಕಡೆ ಫೋಟೋ ಒಪ್ಪಿಗೆಯ ನಮೂನೆಯೂ ಇರುತ್ತದೆ. ಮಗುವಿನ ಚಿತ್ರವನ್ನು ಶಾಲೆಯ ವೆಬ್‌ಸೈಟಿಗೆ ಹಾಕಬಹುದೇ, ಪತ್ರಿಕೆಯವರಿಗೆ ಕೊಡಬಹುದೇ ಎಂದು ಕೇಳಿ, ತಂದೆತಾಯಿ ರುಜು ಹಾಕಲು ಜಾಗ ಬಿಟ್ಟಿರುತ್ತಾರೆ. ಬೇಡವೆಂದರೆ ಬೇಡ. ಅಲ್ಲಿಗೆ ಹೋಗಿ ನೆಲೆಸಿದ ನಮ್ಮವರೂ ಈ ಕಾಗದಕ್ಕೆ ಸಹಿ ಹಾಕುತ್ತಾರೆ.

ಇಷ್ಟು ಹೇಳಿದ ಕೂಡಲೇ ಖಾಸಗಿತನ ಮತ್ತು ಪತ್ರಿಕೆಗಳು ಎದುರುಬದುರು ನಿಂತಂತೆ ತೋರುತ್ತದೆ. ಹಾಗಲ್ಲ. ಕೆನಡಾದ ಖಾಸಗಿತನದ ಕಾನೂನಿಗೆ ತಳಪಾಯವಾದ 1984ರ ತೀರ್ಪು ಹುಟ್ಟಿದ್ದೇ ಒಂದು ಪತ್ರಿಕಾ ಕಚೇರಿಯಿಂದ. ಸರ್ಕಾರಿ ತನಿಖಾಧಿಕಾರಿಗಳು ಎಡ್ಮಂಟನ್ ಜರ್ನಲ್ ಪತ್ರಿಕೆಯ ಕಚೇರಿಗೆ ನುಗ್ಗಿ ಕಡತಗಳನ್ನು ಶೋಧಿಸಹೊರಟಾಗ, 1982ರ ಹೊಸ ಹಕ್ಕುಗಳ ಸನ್ನದನ್ನು ಮುಂದಿಟ್ಟು ಪತ್ರಿಕೆ ಸವಾಲು ಹಾಕಿತು, ಗೆದ್ದಿತು. ಸನ್ನದು ಕಾಪಾಡುವುದು ಜಾಗಗಳನ್ನಲ್ಲ, ಜನರನ್ನು ಎಂಬ ನಿಲುವು ಕೆನಡಾದಲ್ಲಿ ನೆಲೆಯೂರಿದ್ದು ಅಲ್ಲಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದಾಗ, ಪರಿಶೀಲಿಸಿದ ಹೊರದೇಶದ ತೀರ್ಪುಗಳಲ್ಲಿ ಇದೂ ಒಂದು.

ಟಿಮ್ ಹಾರ್ಟನ್ಸ್ ಎಂಬ ಕಾಫಿ ಅಂಗಡಿಯ ಪ್ರಕರಣದಲ್ಲೂ ಖಾಸಗಿತನಕ್ಕೆ ಪತ್ರಕರ್ತರೇ ನೆರವಾದರು. ಐಸ್ ಹಾಕಿ ಆಟಗಾರನೊಬ್ಬನ ಹೆಸರಿನಲ್ಲಿ 1964ರಲ್ಲಿ ಹ್ಯಾಮಿಲ್ಟನ್‌ನಲ್ಲಿ ಶುರುವಾದ ಈ ಕಾಫಿ ಅಂಗಡಿ ಇಂದು ಕೆನಡಾದ ಮೂಲೆಮೂಲೆಯಲ್ಲಿದೆ. ಎರಡು ಪಾಲು ಕ್ರೀಮು, ಎರಡು ಪಾಲು ಸಕ್ಕರೆಯ ಅದರ ‘ಡಬಲ್ ಡಬಲ್’ ಆ ದೇಶದ ನಿತ್ಯದ ಮಾತಿನೊಳಗೇ ಸೇರಿಹೋಗಿದೆ. 2020ರಲ್ಲಿ ಫೈನಾನ್ಶಿಯಲ್ ಪೋಸ್ಟ್ ಪತ್ರಿಕೆಯ ವರದಿಗಾರರೊಬ್ಬರು ಖಾಸಗಿ ಮಾಹಿತಿ ಕಾನೂನಿನಡಿ ಅರ್ಜಿ ಹಾಕಿ, ತಮ್ಮ ಬಗ್ಗೆ ಆ ಕಂಪನಿಯ ಆ್ಯಪ್ ಕೂಡಿಟ್ಟದ್ದೇನೆಂದು ತರಿಸಿಕೊಂಡರು. ಐದು ತಿಂಗಳೊಳಗೆ ಅದು 2,700ಕ್ಕೂ ಹೆಚ್ಚು ಬಾರಿ ಅವರಿದ್ದ ಜಾಗ ಗುರುತಿಸಿತ್ತು. ನಾಲ್ಕು ಸರ್ಕಾರಿ ಕಚೇರಿಗಳು ಸೇರಿ ತನಿಖೆ ನಡೆಸಿದವು. ಆ್ಯಪ್ ಮುಚ್ಚಿದ್ದರೂ ಗಿರಾಕಿಯ ಮನೆ ಯಾವುದು, ಕೆಲಸದ ಜಾಗ ಯಾವುದು, ಬೇರೆ ಕಾಫಿ ಅಂಗಡಿಗೆ ಹೋದದ್ದು ಯಾವಾಗ ಎಂದು ಲೆಕ್ಕ ಹಾಕುತ್ತಿದ್ದುದು 2022ರ ವರದಿಯಲ್ಲಿ ಬಯಲಾಯಿತು. ಕಾನೂನು ಮುರಿದದ್ದು ಸಾಬೀತಾಯಿತು. ಆದರೆ ದಂಡ ಹಾಕುವ ಅಧಿಕಾರ ರಾಜಧಾನಿ ಒಟ್ಟಾವದಲ್ಲಿರುವ ಕೇಂದ್ರ ಸರ್ಕಾರದ ಖಾಸಗಿತನ ಆಯುಕ್ತರಿಗೆ ಇರಲಿಲ್ಲ. ಗಿರಾಕಿಗಳು ಹೂಡಿದ ದಾವೆಯ ರಾಜಿಯಲ್ಲಿ ಕಂಪನಿ ಮುಂದಿಟ್ಟದ್ದು ತಲೆಗೊಂದು ಬಿಸಿ ಪಾನೀಯ, ಒಂದು ಬೇಕರಿ ತಿಂಡಿ.

ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಒಬ್ಬ ಛಾಯಾಗ್ರಾಹಕನ ಒಂದು ಚಿತ್ರಕ್ಕೆ ಬೆಲೆ ಕಟ್ಟಿದ ದೇಶ, ಲಕ್ಷಗಟ್ಟಲೆ ಜನರ ಓಡಾಟವನ್ನು ಹಿಂಬಾಲಿಸಿದ ಕಂಪನಿಯ ಮುಂದೆ ಕೈಕಟ್ಟಿ ನಿಂತಿತು. ಈ ಕೊರತೆ ನೀಗಿಸಲು ತಂದ ಮಸೂದೆ 2025ರ ಜನವರಿಯಲ್ಲಿ ಸಂಸತ್ತಿನ ಅಧಿವೇಶನವನ್ನು ಕೊನೆಗೊಳಿಸಿದಾಗ ಬಿದ್ದುಹೋಯಿತು. ಕ್ವಿಬೆಕ್ ಮಾತ್ರ 2021ರಲ್ಲಿ ತನ್ನದೇ ಹೊಸ ಕಾನೂನು ಮಾಡಿ, ಗಂಭೀರ ತಪ್ಪಿಗೆ ಎರಡೂವರೆ ಕೋಟಿ ಡಾಲರ್ ಅಥವಾ ಕಂಪನಿಯ ಜಾಗತಿಕ ವಹಿವಾಟಿನ ನೂರಕ್ಕೆ ನಾಲ್ಕರಷ್ಟು, ಯಾವುದು ಹೆಚ್ಚೋ ಅಲ್ಲಿವರೆಗೆ ದಂಡ ಹಾಕಬಹುದೆಂದು ಬರೆಯಿತು. ಒಟ್ಟಾವ ಮಾಡಬೇಕಾದ ಕೆಲಸವೂ ಅದೇ. ಆಯುಕ್ತರ ಕೈಗೆ ದಂಡದ ಅಧಿಕಾರ ಕೊಡುವವರೆಗೆ ಅಲ್ಲಿನ ತನಿಖಾ ವರದಿಗಳು ಎಷ್ಟೇ ನೇರವಾಗಿ ಮಾತಾಡಿದರೂ ಕಂಪನಿಗಳ ಲೆಕ್ಕದ ಪುಸ್ತಕಕ್ಕೆ ಅವು ತಾಗುವುದಿಲ್ಲ.