ಉತ್ತರಪಾದವನ್ನು ಕಡಿದ ನ್ಯಾಯ

ಕಾಗಿನೆಲೆಯ ಆದಿಕೇಶವನ ದಾಸರಾದ ಕನಕದಾಸರು ಮೊದಲು ಶಸ್ತ್ರಧಾರಿಗಳಾಗಿದ್ದರೆಂದು ಪರಂಪರೆಯು ಹೇಳುತ್ತದೆ. ಬಾಡದ ದಂಡನಾಯಕನ ಕತ್ತಿಯನ್ನು ಹಿಡಿದ ಕೈಯೇ ಮುಂದೆ ಲೇಖನಿಯನ್ನು ಹಿಡಿದು ‘ರಾಮಧಾನ್ಯಚರಿತೆ’ಯನ್ನು ಬರೆಯಿತು. ಬಡವರ ಧಾನ್ಯವಾದ ರಾಗಿಯ ಹಿರಿಮೆಯನ್ನು ಸಾರುವ ಕಾವ್ಯವೆಂದು ಅದನ್ನು ಎಲ್ಲರೂ ಓದುವರು. ಅದು ಒಂದು ಖಟ್ಲೆಯ ಕಥೆಯೂ ಆಗಿದೆಯೆಂಬದು ಬಹುಜನರ ಲಕ್ಷ್ಯಕ್ಕೆ ಬಂದಂತಿಲ್ಲ. ವ್ರೀಹಿಯು ನರೆದಲೆಗನನ್ನು ಕುಲಹೀನನೆಂದು ತುಂಬಿದ ಸಭೆಯಲ್ಲಿ ಹಳಿಯುತ್ತದೆ. ನರೆದಲೆಗನು ಮಾತಿಗೆ ಮಾತು ಕೊಡುತ್ತಾನೆ. ಆಗತಾನೆ ಲಂಕೆಯಿಂದ ಮರಳುತ್ತಿದ್ದ ರಾಮನ ಬತ್ತಳಿಕೆಯಲ್ಲಿ ಬಾಣಗಳಿಗೆ ಕೊರತೆಯಿರಲಿಲ್ಲ. ಆದರೂ ಅವನು ಇಬ್ಬರ ವಾದವನ್ನೂ ಕೇಳಿದನು. ಕೇಳಿದ ಮೇಲೆ ಕುಲೀನನನ್ನೂ ಕುಲಹೀನನನ್ನೂ ಆರು ತಿಂಗಳು ಸಮನಾಗಿ ಸೆರೆಯಲ್ಲಿಟ್ಟು, ಪರೀಕ್ಷೆಯಾದ ಬಳಿಕ ಎಲ್ಲರ ಸಮಕ್ಷಮದಲ್ಲಿ ತೀರ್ಪು ಕೊಟ್ಟನು.

ಆ ಕವಿಯ ಸೀಮೆಯಿಂದ ಎರಡು ತಾಸಿನ ಹಾದಿಯಲ್ಲಿರುವ ಹುಬ್ಬಳ್ಳಿಯಲ್ಲಿ 2025ನೆಯ ಏಪ್ರಿಲ 13 ರಂದು ಐದು ವರುಷದ ಕೂಸೊಂದರ ಕೊಲೆಯಾಯಿತು. ಊರಿನ ಕರುಳು ಕಿತ್ತು ಬಂದಿತು. ಬಾರದಿದ್ದರೆ ಅದು ಊರೇ ಆಗುತ್ತಿರಲಿಲ್ಲ. ಬಿಹಾರದಿಂದ ಕೂಲಿಗಾಗಿ ಬಂದಿದ್ದನೆನ್ನಲಾದ ಒಬ್ಬನನ್ನು ಪೋಲೀಸರು ಹಿಡಿದರು. ಸೂರ್ಯಾಸ್ತದ ಮೇಲೆ ಬಹಳ ಹೊತ್ತು ಕಳೆಯುವ ಮೊದಲೇ, ಅವನು ಕಲ್ಲೆಸೆದು ಓಡಿಹೋಗಲೆತ್ನಿಸಿದಾಗ ಹಾರಿಸಿದ ಗುಂಡಿನಿಂದ ಸತ್ತನೆಂಬ ಹೇಳಿಕೆ ಬಂದಿತು. ಬೆನ್ನಲ್ಲೇ ಬೀದಿಗಳಲ್ಲಿ ಜಯಘೋಷವೂ ಎದ್ದಿತು.

ಪೋಲೀಸರ ಹೇಳಿಕೆಯು ಸುಳ್ಳೆಂದು ಸಾಧಿಸುವದು ಈ ಲೇಖನದ ಉದ್ದೇಶವಲ್ಲ. ಅದು ತನಿಖೆಗೆ ಸೇರಿದ ವಿಷಯ. ವಿಚಾರಕ್ಕೆ ಯೋಗ್ಯವಾದದ್ದು ಆ ಜಯಘೋಷವೇ. ಒಬ್ಬ ಅಧಿಕಾರಿಯು ಪ್ರಾಣಸಂಕಟದಲ್ಲಿ ಸಿಕ್ಕು ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದ್ದಾದರೆ, ಜನರು ನಿಟ್ಟುಸಿರು ಬಿಡಬೇಕು, ಗಾಯಗೊಂಡವರ ಯೋಗಕ್ಷೇಮವನ್ನು ವಿಚಾರಿಸಬೇಕು, ಹಬ್ಬ ಮಾಡುವದೇಕೆ? ಹಬ್ಬ ಮಾಡಿದವರು ಮೆಚ್ಚಿದ್ದು ಆತ್ಮರಕ್ಷಣೆಯನ್ನಲ್ಲ, ವಿಚಾರಣೆಯಿಲ್ಲದ ವಧೆಯನ್ನು. ಅಂದರೆ ಪೋಲೀಸರ ಹೇಳಿಕೆಯನ್ನು ಎಲ್ಲರಿಗಿಂತ ಮೊದಲು ನಂಬದವರು ಅವರ ಜಯಕಾರ ಹಾಕಿದವರೇ ಆದರು! ಸುಶಿಕ್ಷಿತರ ಮನೆಗಳಲ್ಲಿಯೂ ಅಂದು ಈ ಮಾತೇ ನಡೆಯಿತೆಂಬದನ್ನು ಮುಚ್ಚಿಡುವದರಲ್ಲಿ ಅರ್ಥವಿಲ್ಲ.

2019ನೆಯ ಡಿಸೆಂಬರ 6 ರ ನಸುಕಿನಲ್ಲಿ ಹೈದರಾಬಾದಿನ ಬಳಿ ಪಶುವೈದ್ಯೆಯೊಬ್ಬಳ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಹೀಗೆಯೇ ಗುಂಡಿಕ್ಕಿ ಕೊಂದಾಗ, ಪೋಲೀಸರ ಮೇಲೆ ಹೂಮಳೆಯೇ ಸುರಿಯಿತು. ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ಸಿರ್ಪುರ್‌ಕರ ಆಯೋಗದ ವರದಿಯು 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಪೋಲೀಸರ ಕಥೆಯು ನಂಬತಕ್ಕದ್ದಲ್ಲ; ಸತ್ತ ನಾಲ್ವರಲ್ಲಿ ಮೂವರು ಹದಿನೆಂಟು ತುಂಬದವರು; ಹತ್ತು ಜನ ಪೋಲೀಸರನ್ನು ಕೊಲೆಯ ಆರೋಪದ ಮೇಲೆ ವಿಚಾರಿಸತಕ್ಕದ್ದು ಎಂದು ಆಯೋಗವು ಹೇಳಿತು. ಅಷ್ಟರಲ್ಲಿ ಹೂವು ಬಾಡಿ ಎರಡೂವರೆ ವರುಷವಾಗಿತ್ತು. ಎರಚಿದವರಲ್ಲಿ ಆ ವರದಿಯನ್ನು ಓದಿದವರೆಷ್ಟು ಮಂದಿಯೋ!

ವಿಚಾರಣೆಯೆಂಬದು ಇಂಗ್ರೇಜರು ತಂದ ಆಡಂಬರ, ಈ ನಾಡಿನ ಹಿಂದಿನವರು ದುಷ್ಟನನ್ನು ಕಂಡಲ್ಲಿಯೇ ಶಿಕ್ಷಿಸುತ್ತಿದ್ದರು ಎಂಬ ಮಾತೊಂದು ಪ್ರಚಾರದಲ್ಲಿದೆ. ಇದು ಶುದ್ಧ ಅಜ್ಞಾನ. ಕನ್ನಡ ನೆಲದ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರೆ’ಯನ್ನು ಬರೆದನು. ಅಲ್ಲಿ ವ್ಯವಹಾರಕ್ಕೆ ನಾಲ್ಕು ಪಾದಗಳು: ಭಾಷಾಪಾದ, ಉತ್ತರಪಾದ, ಕ್ರಿಯಾಪಾದ, ಸಾಧ್ಯಸಿದ್ಧಿಪಾದ. ಫಿರ್ಯಾದಿಯು ಹೇಳಿದ್ದು ಮೊದಲನೆಯದು, ಅದನ್ನು ಕೇಳಿದ ಪ್ರತಿವಾದಿಯು ಫಿರ್ಯಾದಿಯ ಎದುರಿನಲ್ಲಿಯೇ ಕೊಟ್ಟ ಉತ್ತರವು ಎರಡನೆಯದು, ಸಾಕ್ಷಿ-ಪ್ರಮಾಣಗಳು ಮೂರನೆಯದು, ನಿರ್ಣಯವು ಕೊನೆಯದು. ಕೊಲ್ಲಬಂದ ಆತತಾಯಿಯನ್ನು ಹೊಡೆಯಲು ಶಾಸ್ತ್ರವೂ ಇಂದಿನ ಕಾನೂನೂ ಸಮ್ಮತಿಸುತ್ತವೆ, ನಿಜ. ಆದರೆ ಕೈಸೆರೆಯಾದವನು ಆತತಾಯಿಯಾಗಿ ಮಾರ್ಪಟ್ಟನೆಂದು ಹೇಳುವವರು ಅದಕ್ಕೂ ಪ್ರಮಾಣ ಕೊಡಬೇಕಷ್ಟೆ. ಎನ್‌ಕೌಂಟರಿನಲ್ಲಿ ಭಾಷಾಪಾದದಿಂದ ನೇರವಾಗಿ ಸಾಧ್ಯಸಿದ್ಧಿಗೆ ಜಿಗಿತ. ನಡುವಿನ ಎರಡು ಪಾದಗಳನ್ನು ಕಡಿದ ಪಶುವು ಹೇಗೆ ನಡೆದೀತು?

ಉತ್ತರಪಾದವು ಆರೋಪಿಯ ಮೇಲಿನ ಕರುಣೆಯಿಂದ ಹುಟ್ಟಿದ್ದಲ್ಲ. ಅದರಿಂದ ಮುಖ್ಯ ಲಾಭವಾಗುವದು ಸಮಾಜಕ್ಕೆ. ಇದಕ್ಕೆ ವೀರಪ್ಪನ್ನನ ಪ್ರಕರಣಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಅವನು 2004ನೆಯ ಅಕ್ಟೋಬರ 18 ರ ರಾತ್ರಿ ಧರ್ಮಪುರಿಯ ಬಳಿ ತಮಿಳುನಾಡಿನ ವಿಶೇಷ ಪಡೆಯ ಗುಂಡಿಗೆ ಬಿದ್ದನು. ಪಡೆಗೆ ಬಡ್ತಿ, ನಗದು, ನಿವೇಶನಗಳ ಬಹುಮಾನ ದೊರೆಯಿತು. ಅವನ ಕ್ರೌರ್ಯವನ್ನು ಯಾರೂ ಅಲ್ಲಗಳೆಯರು. ಆದರೆ ಹತ್ತಾರು ವರುಷ ಆ ಗಂಧವನ್ನೂ ದಂತವನ್ನೂ ಕೊಂಡವರು ಯಾರು? ಅಡವಿಯಲ್ಲಿದ್ದವನಿಗೆ ನಾಡಿನ ಸುದ್ದಿ ಮುಟ್ಟಿಸಿದವರು ಯಾರು? 2000ದಲ್ಲಿ ರಾಜಕುಮಾರರು 108 ದಿನಗಳ ಮೇಲೆ ಬಿಡುಗಡೆಯಾದಾಗ ತೆರೆಯ ಹಿಂದೆ ನಡೆದದ್ದೇನು? 2002ರಲ್ಲಿ ಅಪಹೃತರಾದ ಮಾಜಿ ಮಂತ್ರಿ ನಾಗಪ್ಪನವರು ಅಡವಿಯಲ್ಲಿ ಹೆಣವಾಗಿ ಸಿಕ್ಕಿದರಲ್ಲ, ಅವರಿಗೆ ತಗುಲಿದ ಗುಂಡು ಯಾರದು? ಈ ಪ್ರಶ್ನೆಗಳಿಗೆಲ್ಲ ಕಟಕಟೆಯಲ್ಲಿ ನಿಂತು ಉತ್ತರ ಹೇಳಬೇಕಾಗಿದ್ದ ಬಾಯಿ ಆ ರಾತ್ರಿಯೇ ಮುಚ್ಚಿತು. ಅಂಗಡಿ ಇಟ್ಟವರು ಸುರಕ್ಷಿತರಾದರು.

ಅದೇ ಪ್ರಕರಣದ ಇನ್ನೊಂದು ಎಳೆಯನ್ನು ನೋಡಬೇಕು. 1993ನೆಯ ಏಪ್ರಿಲ 9 ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು 22 ಜನರು ಸತ್ತರು. ವೀರಪ್ಪನ್ನನ ಸಹಚರರೆಂದು ನಾಲ್ವರಿಗೆ ಮೈಸೂರಿನ ಟಾಡಾ ನ್ಯಾಯಾಲಯವು 2001ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರು ಅಪೀಲು ಹೋದಾಗ ಸರ್ವೋಚ್ಚ ನ್ಯಾಯಾಲಯವು 2004ನೆಯ ಜನವರಿಯಲ್ಲಿ ಅದನ್ನು ಮರಣದಂಡನೆಗೆ ಏರಿಸಿತು. ರಾಷ್ಟ್ರಪತಿಗಳಲ್ಲಿ ಮಾಡಿಕೊಂಡ ಕ್ಷಮಾಭಿಕ್ಷೆಯ ಅರ್ಜಿಗೆ ‘ಇಲ್ಲ’ವೆಂಬ ಉತ್ತರ ಬಂದದ್ದು 2013ನೆಯ ಫೆಬ್ರುವರಿಯಲ್ಲಿ. ಒಂಬತ್ತು ವರುಷ ಬೆಳಗಾವಿಯ ಹಿಂಡಲಗಾ ತುರಂಗದಲ್ಲಿ ಪ್ರತಿ ಮುಂಜಾವಿನ ಹೆಜ್ಜೆಯ ಸಪ್ಪಳವನ್ನೂ ಅವರು ಹಗ್ಗದ ಸಪ್ಪಳವೆಂದೇ ಕೇಳಿರಬೇಕು. ಈ ವಿಳಂಬವೇ ಒಂದು ಶಿಕ್ಷೆಯೆಂದು ಬಗೆದು, 2014ನೆಯ ಜನವರಿ 21 ರಂದು ಸರ್ವೋಚ್ಚ ನ್ಯಾಯಾಲಯವು ಇವರೂ ಸೇರಿ 15 ಜನರ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ನಾಯಕನಿಗೆ ಒಂದು ನಿಮಿಷದ ಅವಕಾಶವಿಲ್ಲ. ಹಿಂಬಾಲಕರಿಗೆ ಒಂಬತ್ತು ವರುಷದ ನಿರೀಕ್ಷೆ. ಎರಡನ್ನೂ ನ್ಯಾಯವೆಂದೇ ಕರೆಯಲಾಯಿತು! ಮಲೆಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗರು ವಿಶೇಷ ಪಡೆಗಳ ಕೈಯಲ್ಲಿ ಅನುಭವಿಸಿದ ಹಿಂಸೆಯ ಕಥೆಯೇ ಬೇರೆ. ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯು ಅದನ್ನು ವಿಚಾರಿಸಿತು; ಮಾನವಹಕ್ಕುಗಳ ಆಯೋಗವು 2007ರಲ್ಲಿ 89 ಜನರಿಗೆ ಪರಿಹಾರವನ್ನು ಗೊತ್ತುಮಾಡಿತು. ಅವರಿಗಾಗಿ ಯಾವ ಪೇಟೆಯಲ್ಲಿಯೂ ಜಯಘೋಷವಾಗಲಿಲ್ಲ.

ಕ್ಷಮಾದಾನವನ್ನು ಹೇಡಿತನವೆಂದು ಹಳಿಯುವವರೇ ಗುಂಡನ್ನು ಹೊಗಳುವರೆಂಬದು ಕಾಕತಾಳೀಯವಲ್ಲ. ಸಂವಿಧಾನದ 72ನೆಯ ವಿಧಿಯು ರಾಷ್ಟ್ರಪತಿಗೂ 161ನೆಯದು ರಾಜ್ಯಪಾಲರಿಗೂ ಕೊಟ್ಟ ಅಧಿಕಾರವು ನಾಲ್ಕೂ ಪಾದಗಳು ನಡೆದು ಮುಗಿದ ಮೇಲೆ ಬರುವಂಥದು. ನ್ಯಾಯಾಧೀಶರೂ ಮನುಷ್ಯರೇ, ತಪ್ಪಿದರೆ ತಿದ್ದಲು ಒಂದು ಬಾಗಿಲಿರಲೆಂದು ಅದನ್ನಿಟ್ಟದ್ದು. 1996ರಲ್ಲಿ ರಾಜಸ್ಥಾನದಲ್ಲಿ ಗಲ್ಲಿಗೇರಿದ ಒಬ್ಬನ ಮರಣದಂಡನೆಯ ತೀರ್ಪು, ತನ್ನ ಹಿಂದಿನ ಸಂವಿಧಾನಪೀಠದ ನಿರ್ಣಯವನ್ನು ಲಕ್ಷಿಸದೆ ಕೊಟ್ಟದ್ದೆಂದು ಸರ್ವೋಚ್ಚ ನ್ಯಾಯಾಲಯವೇ 2009ರಲ್ಲಿ ಒಪ್ಪಿತು. ಹದಿಮೂರು ವರುಷಗಳ ಮೇಲೆ ಒಪ್ಪಿದರೆ ಹೆಣಕ್ಕೇನು ಫಲ? ಎಲ್ಲ ಎಚ್ಚರಗಳ ನಡುವೆಯೂ ತೀರ್ಪು ಹೀಗೆ ತಪ್ಪಬಹುದಾದರೆ, ಯಾವ ಎಚ್ಚರವೂ ಇಲ್ಲದ ಕತ್ತಲೆಯ ಗುಂಡು ಎಷ್ಟು ಸಲ ತಪ್ಪಿರಬಹುದು?

ಕ್ಷಮೆಯ ಅಧಿಕಾರವೂ ನಿಷ್ಕಳಂಕವಾಗಿ ನಡೆದಿದೆಯೆಂದಲ್ಲ. ಆಂಧ್ರದಲ್ಲಿ ರಾಜಕೀಯ ಪಕ್ಷದವನೊಬ್ಬನಿಗೆ ರಾಜ್ಯಪಾಲರು ಕೊಟ್ಟ ಶಿಕ್ಷಾರಿಯಾಯತಿಯನ್ನು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ರದ್ದುಗೊಳಿಸಿ, ಜಾತಿ-ಮತ-ಪಕ್ಷಗಳನ್ನು ನೋಡಿ ಕ್ಷಮಿಸಲಾಗದೆಂದು ಹೇಳಬೇಕಾಯಿತು. 2024ನೆಯ ಜುಲೈ 1 ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 472ನೆಯ ಕಲಮು ಗಲ್ಲಿನ ಕೈದಿಗೆ ಅರ್ಜಿ ಮಾಡಲು 30 ದಿನ, ಕೇಂದ್ರ ಸರಕಾರಕ್ಕೆ ರಾಜ್ಯದ ಅಭಿಪ್ರಾಯ ಬಂದ ಮೇಲೆ ಶಿಫಾರಸು ಮಾಡಲು 60 ದಿನ ಗೊತ್ತುಮಾಡಿದೆ. ಕೊನೆಯ ನಿರ್ಣಯಕ್ಕೆ ಮಾತ್ರ ಮಿತಿಯಿಲ್ಲ. ಆ ನಿರ್ಣಯಕ್ಕೆ ಬಂದ ಬಗೆಯನ್ನು ಯಾವ ನ್ಯಾಯಾಲಯವೂ ಕೇಳಕೂಡದೆಂದು ಬೇರೆ ಬರೆದಿದೆ. ಒಂಬತ್ತು ವರುಷ ಹಿಡಿದದ್ದು ಕೈದಿಯ ಸೋಮಾರಿತನದಿಂದಲೋ?

ವಿಳಂಬವು ಗುಂಡಿನ ಗುಟ್ಟಾದ ಬಂಧು. ಕೂಸನ್ನು ಕಳಕೊಂಡ ತಾಯಿ ಹತ್ತು ವರುಷ ಕೋರ್ಟಿನ ಮೆಟ್ಟಿಲು ಹತ್ತಬೇಕಾದಲ್ಲಿ, ಅದೇ ಸಂಜೆ ‘ನ್ಯಾಯ’ ಸಿಕ್ಕಿತೆಂದು ಹೇಳುವವನಿಗೆ ಅವಳು ಹೇಗೆ ಕಿವಿಗೊಡದಿದ್ದಾಳು? ಯಾಜ್ಞವಲ್ಕ್ಯನು ಇದಕ್ಕೂ ದಾರಿ ತೋರಿಸಿದ್ದನು: ಸಾಧಾರಣ ಖಟ್ಲೆಗಳಲ್ಲಿ ಉತ್ತರಕ್ಕೆ ಕಾಲಾವಕಾಶ ಕೊಡಬಹುದು, ಆದರೆ ಸಾಹಸ, ಸ್ತೇಯ, ಪಾರುಷ್ಯ, ಸ್ತ್ರೀಸಂಬಂಧವಾದ ಅಪರಾಧಗಳಲ್ಲಿ ಪ್ರತಿವಾದಿಯಿಂದ ಕೂಡಲೇ ಉತ್ತರ ಪಡೆಯತಕ್ಕದ್ದು. ‘ಕೂಡಲೇ ಉತ್ತರ’ ಎಂದನೇ ಹೊರತು ಉತ್ತರ ಬೇಡವೆನ್ನಲಿಲ್ಲ. ನ್ಯಾಯಾಸನಗಳನ್ನು ಖಾಲಿ ಬಿಟ್ಟು ಪಿಸ್ತೂಲಿಗೆ ಭೇಷ್ ಎನ್ನುವ ಮಂತ್ರಿಗಳು ತಮ್ಮ ಸಾಲವನ್ನು ಫೌಜದಾರನ ತಲೆಗೆ ಕಟ್ಟುತ್ತಾರೆ.

ಹಾವೇರಿ ಜಿಲ್ಲೆಯವರಿಗಂತೂ ಪೋಲೀಸ ಗುಂಡಿನ ಸ್ಮರಣೆ ಹೊಸದಲ್ಲ. ಮೋಟೇಬೆನ್ನೂರಿನ ಮೈಲಾರ ಮಹಾದೇವಪ್ಪನವರು 1943ನೆಯ ಏಪ್ರಿಲ 1 ರಂದು ಹೊಸರಿತ್ತಿಯಲ್ಲಿ, ಸರಕಾರದ ಕಂದಾಯದ ಹಣದ ಮೇಲೆ ದಾಳಿ ಮಾಡಿದಾಗ, ಇಬ್ಬರು ಸಂಗಡಿಗರೊಡನೆ ಗುಂಡಿಗೆ ಬಲಿಯಾದರು. ಅಂದಿನ ಸರಕಾರಕ್ಕೆ ಅವರು ಬಂಡುಕೋರರು. ಇಂದು ಹಾವೇರಿಯ ರೇಲ್ವೆ ನಿಲ್ದಾಣಕ್ಕೆ ಅವರದೇ ಹೆಸರು. 2008ನೆಯ ಜೂನ 10 ರಂದು ಅದೇ ಹಾವೇರಿಯಲ್ಲಿ, ಬಿತ್ತಿಗೆಯ ಹೊತ್ತಿಗೆ ಗೊಬ್ಬರ ಕೇಳಬಂದ ರೈತರ ಮೇಲೆ ಗೋಳೀಬಾರು ನಡೆದು ಎರಡು ಜೀವಗಳು ಹೋದವು. ಆಗ ಈ ಜಿಲ್ಲೆಯಲ್ಲಿ ಯಾರೂ ಜಯಘೋಷ ಮಾಡಲಿಲ್ಲ; ವಿಚಾರಣೆಯಾಗಲಿ ಎಂದು ಕೂಗಿದರು. ಸತ್ತವನು ತನ್ನವನಾದರೆ ವಿಚಾರಣೆ, ದೂರದ ಬಿಹಾರದವನಾದರೆ ಜಯಕಾರ ಎಂಬ ಎರಡು ತಕ್ಕಡಿಗಳನ್ನು ವ್ರೀಹಿಯನ್ನೂ ನರೆದಲೆಗನನ್ನೂ ಸಮನಾಗಿ ಸೆರೆಗೆ ಕಳಿಸಿದ ಕವಿಯ ಸೀಮೆಯಲ್ಲಿ ತೂಗಹಾಕಲಾಗದು.

ಎನ್‌ಕೌಂಟರಿನ ಸಾವಿನ ಮೇಲೆ ಪ್ರಥಮ ವರ್ತಮಾನ ದಾಖಲಾಗಬೇಕು, ಬೇರೆ ಠಾಣೆಯವರು ಇಲ್ಲವೆ ಸಿ.ಐ.ಡಿ.ಯವರು ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆಯಾಗಬೇಕು, ಶೌರ್ಯವು ನಿಸ್ಸಂಶಯವಾಗುವವರೆಗೆ ಬಹುಮಾನ-ಬಡ್ತಿ ಕೊಡಕೂಡದು ಎಂದು ಸರ್ವೋಚ್ಚ ನ್ಯಾಯಾಲಯವು 2014ನೆಯ ಸೆಪ್ಟೆಂಬರ 23 ರಂದು ವಿಧಿಸಿದೆ. ಹುಬ್ಬಳ್ಳಿಯ ಪ್ರಕರಣವೂ ಸಿ.ಐ.ಡಿ.ಗೆ ಒಪ್ಪಿಸಲ್ಪಟ್ಟಿತು. ಇಂಥ ವರದಿಗಳು ಇಂಗ್ರೇಜಿಯಲ್ಲಿ ಕಪಾಟು ಸೇರುವ ಪದ್ಧತಿ ನಿಲ್ಲಬೇಕು. ಅವು ಕನ್ನಡದಲ್ಲಿ ಅಚ್ಚಾಗಿ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ವಾಚನಾಲಯದ ಮೇಜಿಗೆ ಬರಲೆಂದು ವಕೀಲರ ಸಂಘಗಳೂ ಸಾಹಿತ್ಯಸಂಸ್ಥೆಗಳೂ ಸರಕಾರಕ್ಕೆ ಬರೆಯಬೇಕು. ಜಯಘೋಷ ಮಾಡಿದವರು ಅವನ್ನು ಮೊದಲು ಓದಲಿ.