ರಾಕಿ ಭಾಯ್ ಊರಲ್ಲಿ ನಡೆದ ನಿಜವಾದ ಕೊಲೆಗಳು

ಬೆಂಗಳೂರಿನಲ್ಲಿ ಯಾವ ಇಂಟರ್‌ವ್ಯೂಗೆ ಹೋಗಲಿ, ಅರ್ಜಿಯಲ್ಲಿ ಊರಿನ ಹೆಸರು ಕಂಡ ಕೂಡಲೇ ಎದುರಿಗೆ ಕುಳಿತವರ ಮುಖದಲ್ಲಿ ಒಂದು ನಗೆ ಮೂಡುತ್ತದೆ. ‘ಕೆಜಿಎಫ್ ಕಡೆಯವರಾ? ರಾಕಿ ಭಾಯ್ ಊರು! ಅಲ್ಲೆಲ್ಲ ಇನ್ನೂ ಹಾಗೇನಾ?’ ನಾನು ಬಂಗಾರಪೇಟೆಯವಳು. ಕೆಜಿಎಫ್ ನಮ್ಮ ಪಕ್ಕದ ಊರು, ನಮ್ಮೂರಿನ ಹೆಸರು ಗೊತ್ತಿರುವುದು ಪಾನಿಪುರಿಗೆ ಎಂದು ಹೇಳುವಷ್ಟರಲ್ಲಿ ಅವರು ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ.

2018ರ ಡಿಸೆಂಬರ್‌ನಲ್ಲಿ ಸಿನಿಮಾದ ಮೊದಲ ಭಾಗ ಬಂತು. 2022ರ ಏಪ್ರಿಲ್ 14ರಂದು ಎರಡನೆಯದು. ರಿಪಬ್ಲಿಕನ್ ಪಕ್ಷದ ಶಾಸಕರನ್ನು ಆರಿಸಿ ಕಳಿಸಿದ್ದ ಊರಿನ ಹೆಸರಿನ ಸಿನಿಮಾ ಅಂಬೇಡ್ಕರ್ ಜಯಂತಿಯ ದಿನವೇ ತೆರೆಗೆ ಬಂದದ್ದನ್ನು ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ಸಿನಿಮಾದ ಮೇಲೆ ನನಗೆ ಸಿಟ್ಟೇನೂ ಇಲ್ಲ, ಎರಡನ್ನೂ ನೋಡಿದ್ದೇನೆ, ಸೀಟಿ ಹೊಡೆದವರ ನಡುವೆ ಕೂತೇ ನೋಡಿದ್ದೇನೆ. ಕೆಜಿಎಫ್‌ನಲ್ಲಿ ರೌಡಿಗಳೇ ಇರಲಿಲ್ಲ ಎಂದೂ ಹೇಳುವುದಿಲ್ಲ. 1997ರಲ್ಲಿ ಪೊಲೀಸರ ಎನ್‌ಕೌಂಟರ್‌ನಲ್ಲಿ ಸತ್ತ ತಂಗಂ ಬಗ್ಗೆ ಹಿರಿಯರು ಈಗಲೂ ಕಥೆ ಹೇಳುತ್ತಾರೆ. ಸಿನಿಮಾ ಬಂದಾಗ ಅದು ಅವನದೇ ಕಥೆ ಎಂಬ ತಕರಾರು ಕೋರ್ಟಿಗೂ ಹೋಗಿತ್ತು. ಆದರೆ ಗಣಿ ಮುಚ್ಚಿ, ಅಂದರೆ 2001ರ ಫೆಬ್ರುವರಿ 28 ಕಳೆದು, ಎರಡು ದಶಕ ದಾಟಿದೆ. ನನ್ನ ವಯಸ್ಸಿನವರು ಇಲ್ಲಿ ಹೆದರಬೇಕಾದದ್ದು ಗನ್ ಹಿಡಿದ ಡಾನ್‌ಗೆ ಅಲ್ಲ.

2023ರ ಜೂನ್ ಕೊನೆಯ ವಾರ. ಬಂಗಾರಪೇಟೆ ತಾಲ್ಲೂಕಿನ ಬೋಡಗುರ್ಕಿ ಗ್ರಾಮ, ಕಾಮಸಮುದ್ರ ಪೊಲೀಸ್ ಠಾಣೆಯ ವ್ಯಾಪ್ತಿ. 20 ವರ್ಷದ ಹುಡುಗಿ, ಅದೇ ಊರಿನ 24 ವರ್ಷದ ಹುಡುಗ. ಹುಡುಗ ಪರಿಶಿಷ್ಟ ಜಾತಿ, ಹುಡುಗಿ ಬೇರೆ ಜಾತಿ. ಮನೆಯಲ್ಲಿ ಜಗಳ ನಡೆದು ಹುಡುಗಿ ಸತ್ತಳು. ತಂದೆಯೇ ಕತ್ತು ಹಿಸುಕಿ ಕೊಂದು, ಆತ್ಮಹತ್ಯೆ ಎಂದು ತೋರಿಸಲು ಯತ್ನಿಸಿದ ಎಂದು ಪೊಲೀಸರು ಅವನನ್ನು ಬಂಧಿಸಿದರು. ಸುದ್ದಿ ತಿಳಿದ ಹುಡುಗ ರೈಲಿಗೆ ತಲೆ ಕೊಟ್ಟ. ಎರಡು ಮನೆಗಳಲ್ಲೂ ಒಂದೇ ದಿನ ಸಾವು. ಅದಾಗಿ ಎರಡು ತಿಂಗಳಿಗೆ, ಆಗಸ್ಟ್‌ನಲ್ಲಿ, ಕೋಲಾರ ತಾಲ್ಲೂಕಿನ ತೊಟ್ಲಿ ಗ್ರಾಮದಲ್ಲಿ ಇನ್ನೊಬ್ಬ ಹುಡುಗಿ. ಅಲ್ಲೂ ಬೇರೆ ಜಾತಿಯ ಹುಡುಗನ ಪ್ರೀತಿ, ಅಲ್ಲೂ ಬಂಧನವಾದದ್ದು ತಂದೆಯದೇ.

ಈ ಹೆಸರುಗಳನ್ನು ನಾನಿಲ್ಲಿ ಬರೆಯುತ್ತಿಲ್ಲ. ಬೇಕಾದವರಿಗೆ ಹಳೆಯ ಪತ್ರಿಕೆಗಳಲ್ಲಿ ಸಿಗುತ್ತವೆ, ಇಲ್ಲಿ ಆ ಮನೆಗಳಲ್ಲಿ ಉಳಿದವರು ಇನ್ನೂ ಬದುಕಬೇಕು.

ಮರುವರ್ಷ, 2024ರ ಆಗಸ್ಟ್‌ನಲ್ಲಿ, ಕೆಜಿಎಫ್ ತಾಲ್ಲೂಕಿನ ಚಂಬರಸನಹಳ್ಳಿಯಲ್ಲಿ ಮದುವೆಯಾದ ಕೆಲವೇ ಗಂಟೆಗಳಲ್ಲಿ ವಧು ವರ ಇಬ್ಬರೂ ಮಚ್ಚಿನೇಟಿಗೆ ಸಿಕ್ಕಿದ ಪ್ರಕರಣ ದೇಶಕ್ಕೆಲ್ಲ ಗೊತ್ತು. ಅವರ ಮದುವೆಯ ವಿಡಿಯೊ ಎಲ್ಲರ ಮೊಬೈಲ್‌ಗಳಲ್ಲಿ ಓಡಾಡಿತು, ಟಿವಿಯವರು ವ್ಯಾನ್ ತಂದರು. ಅದು ಬೇರೆಯದೇ ಬಗೆಯ ದುರಂತ, ಇಲ್ಲಿನ ಮಾತಿಗೆ ಸೇರುವುದಿಲ್ಲ. ಹೇಳಿದ್ದು ಯಾಕೆಂದರೆ, ಬೋಡಗುರ್ಕಿ ಎಂದರೆ ನನ್ನ ಜೊತೆ ಓದಿದವರಲ್ಲೇ ಅರ್ಧ ಮಂದಿಗೆ ‘ಯಾವುದದು?’ ಎನ್ನುವಂತಾಗಿದೆ. ಚಂಬರಸನಹಳ್ಳಿ ಎಂದರೆ ಎಲ್ಲರಿಗೂ ನೆನಪಿದೆ. ಯಾಕೆ ಹೀಗಾಯಿತು ಎಂದು ಅರ್ಥವಾಗದ ಕೊಲೆ ನಮಗೆ ಸುದ್ದಿ. ಯಾಕೆ ಎಂದು ಎಲ್ಲರಿಗೂ ಚೆನ್ನಾಗಿ ಗೊತ್ತಿರುವ ಕೊಲೆ ಮನೆಯ ವಿಷಯ.

ಹಾಗೆ ಮನೆಯ ವಿಷಯವಾದ ಮೇಲೆ ಮಾತಿನ ಧಾಟಿಯೇ ಬದಲಾಗುತ್ತದೆ. ಬೋಡಗುರ್ಕಿಯ ಸುದ್ದಿ ಬಂದ ವಾರ ನಮ್ಮ ಬೀದಿಯಲ್ಲಿ ಕೇಳಿದ ಮಾತುಗಳು ಈಗಲೂ ಕಿವಿಯಲ್ಲಿವೆ. ‘ಹೆತ್ತು ಸಾಕಿದವನು, ಪಾಪ, ಹೊಟ್ಟೆ ಎಷ್ಟು ಉರಿದಿತ್ತೋ.’ ‘ಅವಳಾದರೂ ಸ್ವಲ್ಪ ಯೋಚನೆ ಮಾಡಬೇಕಿತ್ತು.’ ಹೇಳಿದವರು ಕೆಟ್ಟವರಲ್ಲ. ಕಾಯಿಲೆ ಬಿದ್ದರೆ ಗಂಜಿ ಮಾಡಿ ತರುವ ಹೆಂಗಸರು. ಒಂದು ಕೊಲೆಯಲ್ಲಿ ಮೊದಲ ‘ಪಾಪ’ ಕೊಂದವನ ಪಾಲಿಗೆ ಹೋಗುವುದು ನಾನು ಕಂಡಂತೆ ಇದೊಂದರಲ್ಲೇ. ಸರ ಕದಿಯಲು ಬಂದವನು ಅದೇ ಹುಡುಗಿಯನ್ನು ಕೊಂದಿದ್ದರೆ ಊರಿಗೆ ಊರೇ ಠಾಣೆಯ ಮುಂದೆ ಕೂರುತ್ತಿತ್ತು.

ಪತ್ರಿಕೆಗಳು ಇದನ್ನು ‘ಮರ್ಯಾದೆಗೇಡು ಹತ್ಯೆ’ ಎಂದು ಬರೆಯುತ್ತವೆ. ಇಂಗ್ಲಿಷಿನ ಹೆಸರಿಗಿಂತ ನಮ್ಮದು ವಾಸಿ. ಅಲ್ಲಿ ಕೊಂದವನಿಗೆ ಗೌರವವಾದರೂ ಉಳಿಯುತ್ತದೆ, ಕನ್ನಡದಲ್ಲಿ ‘ಗೇಡು’ ಅಂಟಿಕೊಂಡಿದೆ. ಆದರೆ ಬೀದಿಯಲ್ಲಿ ಆ ಗೇಡು ಯಾರಿಗೆ ಅಂಟುತ್ತದೆ ಎಂದು ಕೇಳಿ ನೋಡಿ. ಸತ್ತವಳಿಗೇ.

ಜಾತಿ ಮೀರಿದ ಮದುವೆಗೆ ಸಾವಿನ ಶಿಕ್ಷೆ ಕನ್ನಡನಾಡಿಗೆ ಹೊಸದಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ತಂದುಕೊಂಡದ್ದಕ್ಕೆ ಎರಡೂ ಕಡೆಯ ತಂದೆಯರಿಗೆ ಎಳೆಹೂಟೆ ಶಿಕ್ಷೆಯಾಯಿತು ಎಂಬುದನ್ನು ನಾವು ಶಾಲೆಯಲ್ಲೇ ಕೇಳುತ್ತೇವೆ. ಗಮನಿಸಿ, ಅಲ್ಲಿ ತಂದೆಯರು ಮಕ್ಕಳ ಪರ ನಿಂತು ಸತ್ತರು, ಕೊಂದದ್ದು ಅರಸು. ಬಸವ ಜಯಂತಿಯ ಭಾಷಣ ಸ್ಪರ್ಧೆಯಲ್ಲಿ ಅದನ್ನು ಹೇಳಿ ಸ್ಟೀಲ್ ಲೋಟ ಬಹುಮಾನ ತಂದವರಲ್ಲಿ ನಾನೂ ಒಬ್ಬಳು. ಜಾತಿ ಹೋಗಬೇಕಾದರೆ ಜಾತಿಗಳ ನಡುವೆ ಮದುವೆ ನಡೆಯಬೇಕು ಎಂದು ಅಂಬೇಡ್ಕರ್ 1936ರಲ್ಲೇ ಬರೆದರು. ಅವರ ಪ್ರತಿಮೆ ಇಲ್ಲದ ಹೋಬಳಿ ನಮ್ಮ ಜಿಲ್ಲೆಯಲ್ಲಿ ನಾನು ಕಂಡಿಲ್ಲ.

ಇಂಥ ಕೇಸುಗಳು ಕೋರ್ಟಿನಲ್ಲಿ ಏನಾಗುತ್ತವೆ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಕಂಬಾಲಪಲ್ಲಿ ಈಗ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನಲ್ಲಿದೆ. 2000ದಲ್ಲಿ ಅದೂ ಕೋಲಾರವೇ. ಆ ವರ್ಷ ಮಾರ್ಚ್ 11ರ ರಾತ್ರಿ ಅಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟು ಕೊಲ್ಲಲಾಯಿತು. ದೇಶವೇ ಬೆಚ್ಚಿತು. ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು. 2006ರ ಡಿಸೆಂಬರ್‌ನಲ್ಲಿ ಕೋಲಾರದ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಿತು. ಕಣ್ಣಾರೆ ಕಂಡ ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಬೆಂಕಿ ಬಿದ್ದದ್ದು ನಿಜ. ಹಚ್ಚಿದವರು ಮಾತ್ರ ಕಾನೂನಿನ ಕಣ್ಣಿಗೆ ಇವತ್ತಿಗೂ ಯಾರೂ ಅಲ್ಲ. ಸಾಕ್ಷಿ ತಿರುಗಿದ ಎಂದು ಸುಲಭವಾಗಿ ಬೈಯಬಹುದು. ಅದೇ ಊರಲ್ಲಿ, ಅದೇ ಜನರ ಹೊಲದಲ್ಲಿ ಕೂಲಿ ಮಾಡಿ, ಆರು ವರ್ಷ ಕಾಯುತ್ತಾ ಕೂತವರು ಏನು ಮಾಡಬೇಕಿತ್ತು?

ಮಗಳನ್ನು ತಂದೆ ಕೊಂದ ಕೇಸಿನಲ್ಲಿ ಈ ತೊಡಕು ಇನ್ನೂ ಬಿಗಿ. ದೂರು ಕೊಡಬೇಕಾದವಳು ಕೊಂದವನ ಹೆಂಡತಿ. ಸಾಕ್ಷಿ ಹೇಳಬೇಕಾದವರು ಅಣ್ಣ ತಮ್ಮಂದಿರು, ಗೋಡೆಯಾಚೆಯ ಚಿಕ್ಕಪ್ಪ. ದುಡಿಯುವ ಕೈ ಜೈಲಿನಲ್ಲಿದ್ದರೆ ಒಲೆ ಉರಿಯುವುದಿಲ್ಲ. ಇನ್ನೊಂದು ವಿಚಿತ್ರವೂ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯವಾಗಬೇಕಾದರೆ ಬಲಿಯಾದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ಪರಿಶಿಷ್ಟ ಜಾತಿಯ ಹುಡುಗನನ್ನು ಮೆಚ್ಚಿದ್ದಕ್ಕೆ ಬೇರೆ ಜಾತಿಯ ಹುಡುಗಿ ತನ್ನ ತಂದೆಯ ಕೈಯಲ್ಲೇ ಸತ್ತರೆ, ಅವಳ ಸಾವಿಗೆ ಜಾತಿಯೇ ಕಾರಣವಾದರೂ ಆ ಕಾಯ್ದೆ ಅವಳನ್ನು ಮುಟ್ಟುವುದಿಲ್ಲ. ಅದು ಬರೀ ಕೊಲೆ.

ಎಲ್ಲ ಕಡೆ ಕಂಬಾಲಪಲ್ಲಿಯೇ ಆಗುತ್ತದೆ ಎಂದಲ್ಲ. ಕೆಜಿಎಫ್‌ನ ಅರ್ಧ ಮನೆಗಳಲ್ಲಿ ತಮಿಳು ಚಾನೆಲ್ ಓಡುವುದರಿಂದ ಉಡುಮಲೆ ಶಂಕರ್ ಹೆಸರು ಇಲ್ಲಿ ಬಹಳ ಮಂದಿಗೆ ಗೊತ್ತು. 2016ರ ಮಾರ್ಚ್‌ನಲ್ಲಿ ಹಾಡಹಗಲೇ ಬಸ್ ನಿಲ್ದಾಣದ ಬಳಿ ಅವನನ್ನು ಕೊಚ್ಚಿದ್ದು ಸಿಸಿಟಿವಿಯಲ್ಲಿ ದಾಖಲಾಯಿತು. ಏಟು ತಿಂದು ಉಳಿದ ಹೆಂಡತಿ ಕೌಸಲ್ಯಾ ತನ್ನ ಹೆತ್ತವರ ವಿರುದ್ಧವೇ ಸಾಕ್ಷಿ ಹೇಳಿದಳು. 2017ರಲ್ಲಿ ಆರು ಮಂದಿಗೆ ಗಲ್ಲು ಶಿಕ್ಷೆಯಾಯಿತು, 2020ರಲ್ಲಿ ಮದ್ರಾಸ್ ಹೈಕೋರ್ಟ್ ಅವಳ ತಂದೆಯನ್ನು ಬಿಡುಗಡೆ ಮಾಡಿ ಉಳಿದವರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಇನ್ನೊಂದು, ಕಡಲೂರು ಕಡೆಯ ಕಣ್ಣಗಿ ಮುರುಗೇಶನ್ ಪ್ರಕರಣ. 2003ರಲ್ಲಿ ಇಬ್ಬರಿಗೂ ವಿಷ ಕುಡಿಸಿ ಕೊಂದರು. ತನಿಖೆ ಸಿಬಿಐಗೆ ಹೋಯಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. 22 ವರ್ಷ ಹಿಡಿಯಿತು, ಆದರೂ ಆಯಿತು. ಮುರುಗೇಶನ್ ಮನೆಯವರು ಬಿಡಲಿಲ್ಲ, ಒಬ್ಬ ವಕೀಲರು ಬಿಡಲಿಲ್ಲ.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ಇದು ನಮ್ಮ ವಯಸ್ಸಿನವರ ವಿಷಯ. ಮಾರಿಕುಪ್ಪಂನಲ್ಲಿ ಹೊರಟು ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವ ಬೆಳಗಿನ ರೈಲು ಹತ್ತಿ ನೋಡಿ. ಟಿಫಿನ್ ಡಬ್ಬಿ ಹಿಡಿದ ಸಾವಿರಾರು ಹುಡುಗ ಹುಡುಗಿಯರು ವೈಟ್‌ಫೀಲ್ಡ್, ಕೆ.ಆರ್. ಪುರಕ್ಕೆ ದಿನಾ ಹೋಗಿ ಬರುತ್ತಾರೆ. ಇತ್ತ ನರಸಾಪುರ, ವೇಮಗಲ್ ಫ್ಯಾಕ್ಟರಿಗಳ ಬಸ್ಸುಗಳಲ್ಲಿ ಇನ್ನಷ್ಟು ಮಂದಿ. ಊರಿನಲ್ಲಿ ಒಂದು ಬೀದಿ ದಾಟಿ ಮಾತಾಡದ ಮನೆಗಳ ಮಕ್ಕಳು ಇಲ್ಲಿ ಒಂದೇ ಸೀಟಿನಲ್ಲಿ ಚಿತ್ರಾನ್ನ ಹಂಚಿಕೊಳ್ಳುತ್ತಾರೆ. ಪ್ರೀತಿ ಹುಟ್ಟದೆ ಇರುತ್ತದೆಯೇ? ಮಗಳು ಕತ್ತಲಲ್ಲೇ ಎದ್ದು ಒಬ್ಬಳೇ ಸ್ಟೇಷನ್‌ಗೆ ನಡೆದರೆ ಅಪ್ಪನಿಗೆ ಮರ್ಯಾದೆ ಹೋಗುವುದಿಲ್ಲ, ತಿಂಗಳ ಸಂಬಳ ಮನೆಯ ಲೋನಿನ ಕಂತಿಗೆ ಹೋದರೆ ಹೋಗುವುದಿಲ್ಲ. ಅವಳು ಯಾರ ಪಕ್ಕ ಕೂತಳು ಎಂದು ಯಾರೋ ಬಂದು ಕಿವಿಗೆ ಹಾಕಿದಾಗ ಮಾತ್ರ ಹೋಗುತ್ತದೆ.

ಕಾನೂನು ನಮ್ಮ ಕಡೆ ಇದೆ, ಹೆಚ್ಚಿನವರಿಗೆ ಅದು ಗೊತ್ತಿಲ್ಲ. 2018ರ ಮಾರ್ಚ್ 27ರಂದು ‘ಶಕ್ತಿ ವಾಹಿನಿ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾದರೆ ಮನೆಯವರದಾಗಲಿ, ಜಾತಿಯವರದಾಗಲಿ ಅಪ್ಪಣೆ ಬೇಕಿಲ್ಲ. ಪ್ರತಿ ಜಿಲ್ಲೆಯಲ್ಲೂ ಎಸ್‌ಪಿ ಮತ್ತು ಸಮಾಜ ಕಲ್ಯಾಣ ಅಧಿಕಾರಿ ಇರುವ ವಿಶೇಷ ಘಟಕ, 24 ಗಂಟೆಯ ಸಹಾಯವಾಣಿ, ಬೆದರಿಕೆ ಇರುವ ಜೋಡಿಗೆ ಸುರಕ್ಷಿತ ವಸತಿ, ಆರು ತಿಂಗಳಲ್ಲಿ ಮುಗಿಯಬೇಕಾದ ವಿಚಾರಣೆ, ಗೊತ್ತಿದ್ದೂ ಸುಮ್ಮನಿದ್ದ ಅಧಿಕಾರಿಯ ಮೇಲೆ ಇಲಾಖಾ ಕ್ರಮ. ಇವೆಲ್ಲ ಆ ತೀರ್ಪಿನಲ್ಲೇ ಇವೆ. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಬಹುದು. ತುರ್ತಿಗೆ 112.

ಕಾನೂನೇ ಕಾಲಿಗೆ ತೊಡರುವ ಕಡೆಯೂ ಒಂದಿದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕಾದರೆ 30 ದಿನ ಮುಂಚೆ ನೋಟಿಸ್ ಕೊಡಬೇಕು, ಅದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಬೋರ್ಡಿಗೆ ಹಚ್ಚುತ್ತಾರೆ. ಜಮೀನಿನ ಕೆಲಸಕ್ಕೆಂದು ತಾಲ್ಲೂಕಿನ ಜನರೆಲ್ಲ ಬಂದು ನಿಲ್ಲುವ ವರಾಂಡ ಅದು. ಓಡಿಹೋಗಿ ಜೀವ ಉಳಿಸಿಕೊಳ್ಳಬೇಕಾದವರ ವಿಳಾಸವನ್ನು ಅಲ್ಲೇ ತೂಗುಹಾಕುವ ನಿಯಮ ಯಾರ ಅನುಕೂಲಕ್ಕೋ ನನಗಂತೂ ಹೊಳೆಯುವುದಿಲ್ಲ.

ಕೋಲಾರ ಜಿಲ್ಲೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗಳು ಇಬ್ಬರು. ಕೋಲಾರಕ್ಕೊಬ್ಬರು, ಕೆಜಿಎಫ್‌ಗೆ ಇನ್ನೊಬ್ಬರು. ಚಿನ್ನದ ಗಣಿಯ ಕಾಲದಿಂದ ಬಂದ ವ್ಯವಸ್ಥೆ ಇದು. ಗಣಿ ಹೋದರೂ ಕಚೇರಿ ಉಳಿದಿದೆ, ಬೋಡಗುರ್ಕಿ ಈ ಎರಡನೆಯವರ ವ್ಯಾಪ್ತಿಗೇ ಬರುತ್ತದೆ. ಸುಪ್ರೀಂ ಕೋರ್ಟ್ ಹೇಳಿದ ವಿಶೇಷ ಘಟಕ ಇಬ್ಬರಲ್ಲಿ ಯಾರ ಬಳಿ ಇದೆ, 2018ರಿಂದ ಅದಕ್ಕೆ ಎಷ್ಟು ಅರ್ಜಿ ಬಂದಿವೆ, ಎಷ್ಟು ಜೋಡಿಗೆ ರಕ್ಷಣೆ ಸಿಕ್ಕಿದೆ, ಸಹಾಯವಾಣಿಯ ನಂಬರ್ ಯಾವುದು, ಇಷ್ಟನ್ನು ಕೇಳಿ ಇಬ್ಬರು ಗೆಳತಿಯರ ಜೊತೆ ಸೇರಿ ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇನೆ. ಒಂದೇ ವಿಷಯ, 150 ಪದ ಮೀರುವಂತಿಲ್ಲ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಎರಡೂ ಕಚೇರಿಗೆ ಒಂದೊಂದು ಪ್ರತಿ ಸೋಮವಾರ ಅಂಚೆಯಲ್ಲಿ ಹೋಗುತ್ತದೆ. 30 ದಿನದೊಳಗೆ ಉತ್ತರ ಬರಬೇಕು.