ಡ್ರೈವರನ ತಪ್ಪು ಎಂದರೆ ಸಾಕೆ?

ಗಣಿಯೊಳಗೆ ಡಂಪರು ಮಗುಚಿ ಡ್ರೈವರ್ ಸತ್ತರೆ, ಹೆಣ ಊರು ಮುಟ್ಟುವ ಮೊದಲೇ ಕಾರಣ ಸಿದ್ಧವಾಗಿರುತ್ತದೆ: ‘ಚಾಲಕನ ಅಜಾಗರೂಕತೆ’. ಸತ್ತವನು ಎದ್ದು ಬಂದು ಅಲ್ಲವೆನ್ನಲಾರ. ಮಾಲೀಕರಿಗೆ ಇದಕ್ಕಿಂತ ಅನುಕೂಲವಾದ ಮಾತು ಇನ್ನೊಂದಿಲ್ಲ. ನಾವು ಅದನ್ನು ಒಪ್ಪುವುದಿಲ್ಲ.

ಸಂಡೂರು ಸೀಮೆಯ ಕಬ್ಬಿಣದ ಗಣಿಗಳು ತೆರೆದ ಗಣಿಗಳು. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಅವುಗಳ ನಡುವೆ ದಾರಿ ಮಾಡಿ ಅದಿರು ಸಾಗಿಸುತ್ತಾರೆ. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದಕ್ಕೆ ಪ್ರಪಾತ. 100 ಟನ್ ಹೊರುವ ಡಂಪರಿನ ಮೂತಿಯ ಕೆಳಗೆ ಜೀಪು ನಿಂತಿದ್ದರೂ ಮೇಲೆ ಕುಳಿತ ಡ್ರೈವರನಿಗೆ ಕಾಣದು. ತುಂಬಿದ ಗಾಡಿ ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿತ ಬಿಟ್ಟರೆ ಯಾರ ಜಾಣತನವೂ ನಡೆಯದು.

ಆಗ ಆಳನ್ನು ಉಳಿಸಬೇಕಾದದ್ದು ರಸ್ತೆ. ಅಂಚಿನಲ್ಲಿ ಕಲ್ಲುಮಣ್ಣಿನ ಗಟ್ಟಿ ಒಡ್ಡಿದ್ದರೆ ಚಕ್ರಕ್ಕೆ ತಡೆ ಸಿಗುತ್ತದೆ. ಅಮೆರಿಕದಲ್ಲಿ ಈ ಒಡ್ಡು, ಆ ರಸ್ತೆಯಲ್ಲಿ ಓಡುವ ಅತಿ ದೊಡ್ಡ ಗಾಡಿಯ ಅಚ್ಚಿನ ನಡುಮಟ್ಟಕ್ಕಾದರೂ ಇರಬೇಕೆಂದು ಕಾನೂನಿದೆ. ನಮ್ಮ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವೂ 16 ಅಡಿಗೆ 1 ಅಡಿಗಿಂತ ಕಡಿದಾದ ಏರು ಬೇಡವೆಂದು ಸಾಮಾನ್ಯವಾಗಿ ವಿಧಿಸುತ್ತ ಬಂದಿದೆ. ಒಡ್ಡು ಕಟ್ಟಲು ಪರದೇಶದ ಯಂತ್ರ ಬೇಡ, ತಜ್ಞರ ಸಮಿತಿ ಬೇಡ; ಗಣಿಯಲ್ಲೇ ರಾಶಿ ಬಿದ್ದ ಮಣ್ಣು ಸಾಕು. ಆದರೆ ಒಡ್ಡಿಗೆ ಜಾಗ ಬಿಡಲು ರಸ್ತೆ ಅಗಲವಾಗಬೇಕು, ಅಗಲ ಮಾಡಲು ಅದಿರಿಲ್ಲದ ಬಂಡೆ ಕಡಿಯಬೇಕು, ಅದಕ್ಕೆ ದುಡ್ಡು ಬಿಚ್ಚಬೇಕು. ತೊಡಕಿರುವುದು ಇಲ್ಲಿ.

ಮಣ್ಣು ಸುರಿಯುವ ಜಾಗದಲ್ಲೂ ಇದೇ ಕಥೆ. ಹಿಮ್ಮುಖವಾಗಿ ಬರುವ ಗಾಡಿಗೆ ತಡೆದಿಬ್ಬ ಬೇಕು, ರಾತ್ರಿ ಬೆಳಕು ಬೇಕು. ಅಂಚೇ ಕುಸಿಯುವಂತಿದ್ದರೆ ದಿಬ್ಬವೂ ಕಾಯದು. ದೂರದಲ್ಲೇ ಸುರಿದು ಬುಲ್ಡೋಜರಿನಿಂದ ತಳ್ಳಬೇಕು. ಸನ್ನೆ ಮಾಡುವವನು ಡ್ರೈವರನಿಗೆ ಕಾಣುವಂತೆ ಪಕ್ಕಕ್ಕೆ ನಿಲ್ಲಬೇಕು. ಕ್ಲೀನರ್ ಹುಡುಗನನ್ನು ಗಾಡಿಯ ಬೆನ್ನಿಗೇ ನಿಲ್ಲಿಸುವುದೆಂದರೆ ಏನು!

ಇನ್ನು ಕೂಲಿಯ ಮಾತು. ಕಂಟ್ರಾಕ್ಟರನ ಕೈಕೆಳಗಿನ ಡ್ರೈವರನಿಗೆ ಟ್ರಿಪ್ಪಿನ ಲೆಕ್ಕದಲ್ಲಿ ಹಣ ಎಣಿಸಿ, ಗೋಡೆಯ ಮೇಲೆ ‘ನಿಧಾನವೇ ಪ್ರಧಾನ’ ಎಂದು ಬರೆಸುವುದು ಯಾವ ನ್ಯಾಯ? ನಿಧಾನ ಹೋದವನ ಮನೆಯಲ್ಲಿ ಒಲೆ ಉರಿಯಬೇಡವೆ? 1952ರ ಗಣಿ ಕಾಯ್ದೆ ನೆಲದ ಮೇಲಿನ ಕೆಲಸಕ್ಕೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. 100ಕ್ಕಿಂತ ಹೆಚ್ಚು ಜನ ದುಡಿಯುವ ಗಣಿಯಲ್ಲಿ ಸುರಕ್ಷಾ ಸಮಿತಿ ಇರಬೇಕೆಂದು 1955ರ ನಿಯಮಗಳಲ್ಲಿ ಸೇರಿತ್ತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಆ ಕಾಯ್ದೆಯ ಜಾಗಕ್ಕೆ ಬಂದಿತು. ಕಾಯ್ದೆಯ ಹೆಸರು ಬದಲಾದ ಮಾತ್ರಕ್ಕೆ ರಸ್ತೆಯಂಚಿನ ಒಡ್ಡು ತಾನಾಗಿ ಎದ್ದು ನಿಲ್ಲುವುದಿಲ್ಲವಷ್ಟೆ.

ಆದ್ದರಿಂದ ನಾವು ಒತ್ತಾಯಪಡಿಸುತ್ತೇವೆ: ಟ್ರಿಪ್ ಲೆಕ್ಕ ನಿಲ್ಲಲಿ, ತಿಂಗಳ ಸಂಬಳ ಬರಲಿ. ಸುರಕ್ಷಾ ಸಮಿತಿಗೆ ಕಛೇರಿಗೆ ಬೇಕಾದವರಲ್ಲ, ಸ್ಟಿಯರಿಂಗ್ ಹಿಡಿದವರು ಹೋಗಲಿ. ಒಡ್ಡಿಲ್ಲದ ರಸ್ತೆಯಲ್ಲಿ ಗಾಡಿ ಓಡಿಸೆನೆಂದವನ ಆ ದಿನದ ಕೂಲಿ ಕಡಿಯಕೂಡದು. ಅಪಘಾತದ ತನಿಖೆಗೆ ಬಂದ ಅಧಿಕಾರಿ ಡ್ರೈವರನ ಲೈಸೆನ್ಸು ಕೇಳುವ ಮುನ್ನ ಟೇಪು ಹಿಡಿದು ರಸ್ತೆ ಅಳೆಯಲಿ.

ಮಳೆ ಬಿದ್ದರೆ ಆ ಕೆಮ್ಮಣ್ಣಿನ ದಾರಿಯಲ್ಲಿ ಕಾಲೂ ನಿಲ್ಲುವುದಿಲ್ಲ. ಒಡ್ಡಿನ ಕೆಲಸ ಮುಂಗಾರಿಗೆ ಮೊದಲೇ ಮುಗಿಯಬೇಕು.